ಗೂರಲಜ್ಜನ ಹೊಸ ಬುದ್ಧಿ

“ಹೊಸದು ಹೋಗಿದೆ ಚಿಕ್ಕಮ್ಮ, ಹಳೇದು ವಾಪಸ್ ಬಂದು ಕೂತಿದೆ. ಅದೂ ಎರಡನೇ ಸಲ.”

“ಏನೇ ಅದು? ಸಂಬಂಧನಾ, ಚಪ್ಪಲಿನಾ?”

“ಕಂಪ್ಯೂಟರ್ ಕಣೇ. ದೊಡ್ಡಪ್ಪಂದು. ನಿನ್ನೆ ಭಾವ ಅದಕ್ಕೆ ಹೊಸ ಸಿಸ್ಟಮ್ ಹಾಕಿದ್ರಲ್ಲ, ಅದು ಮಾಯ. ಅಣ್ಣನೇ ಮಾಡಿದ್ದು ಅಂತ ಎಲ್ಲರೂ ಅವನ ಮೇಲೆ ಬಿದ್ದಿದ್ದಾರೆ. ಅಮ್ಮ ನಿಂಗೆ ಈಗಲೇ ಬಾ ಅಂತಿದ್ದಾಳೆ.”

ಫೋನಿನ ಆ ಕಡೆ ಯಾರೋ, ‘ಮೇಡಂ, ನಂದು ಕಪ್ಪು ಕೊಡೆ’ ಅಂತ ಗೋಗರೀತಿದ್ರು.

“ಊರಲ್ಲಿರೋ ಕೊಡೆ ಎಲ್ಲಾ ಕಪ್ಪೇ. ಹಿಡಿಕೆ ಹೇಗಿದೆ ಹೇಳಿ,” ಅಂದ್ಲು ಅವರಿಗೆ. ಆಮೇಲೆ ನನಗೆ, “ಡ್ಯೂಟಿ ಮುಗಿಸಿ ಬರ್ತೀನಿ. ಅಲ್ಲೀವರೆಗೂ ಯಾರೂ ಏನೂ ಮುಟ್ಟಬೇಡಿ. ಮುಖ್ಯವಾಗಿ ನೀನು ಮುಟ್ಟಬೇಡ, ಚಿಲಿಪಿಲಿ.”

ಚಿಲಿಪಿಲಿ ಅಂದ್ರೆ ನಾನು. ಅವಳು ಅಮ್ಮನ ತಂಗಿ. ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರ್ ನೋಡ್ಕೋತಾಳೆ. ಬೇರೆಯವರ ಬ್ಯಾಗನ್ನ ನಂದು ಅಂತ ಹೊಡ್ಕೊಂಡು ಹೋಗೋಕೆ ಬಂದವರು ಅವಳ ಎರಡು ಪ್ರಶ್ನೆ ತಡ್ಕೋತಾರೆ, ಮೂರನೇದಕ್ಕೆ ಬೆವರ್ತಾರೆ.

ಗೂರಲಜ್ಜ ಅಂದ್ರೆ ಆ ಕಂಪ್ಯೂಟರ್. ದೊಡ್ಡಪ್ಪ ನಕ್ಷೆ ಬರೆಯೋ ಕೆಲಸ ಮಾಡ್ತಿದ್ದಾಗ ತಗೊಂಡಿದ್ದು. ಆನ್ ಮಾಡಿದ್ರೆ ಅದರ ಫ್ಯಾನು ಗೂರಲು ಹತ್ತಿದ ಮುದುಕನ ಥರ ಗೊರಗೊರ ಅನ್ನುತ್ತೆ. ನಮ್ಮದು ಒಂದೇ ಮನೆ, ಎರಡು ಸಂಸಾರ. ಮೇಲೆ ದೊಡ್ಡಪ್ಪ, ದೊಡ್ಡಮ್ಮ. ಕೆಳಗೆ ನಾವು. ನಡುಮನೆ ಎಲ್ಲರದ್ದು, ಗೂರಲಜ್ಜ ಅಲ್ಲೇ ಮೂಲೆಯಲ್ಲಿ. ನಮ್ಮಪ್ಪ ಕೆಲಸದ ಮೇಲೆ ಬೇರೆ ಊರಲ್ಲಿದ್ರು. ಪುಣ್ಯವಂತರು.

ಜಗಳದ ಬೇರು ಮಾತ್ರ ರಸ್ತೆ ಕಡೆಗಿರೋ ಶಟರ್ ಕೋಣೆಯಲ್ಲಿದೆ. ಅದು ದೊಡ್ಡಪ್ಪನ ಹಳೇ ಆಫೀಸು, ಈಗ ಖಾಲಿ. ಅಣ್ಣ ಯಾರದೋ ರಿಪೇರಿ ಅಂಗಡಿಯಲ್ಲಿ ಬೈಸ್ಕೊಂಡು ಕೆಲಸ ಮಾಡ್ತಾನೆ. ಆ ಕೋಣೆ ಸಿಕ್ಕಿದ್ರೆ ಅವನದೇ ಅಂಗಡಿ. ದೊಡ್ಡಪ್ಪ ಒಂದು ಮಾತು ಹೇಳಿದ್ರು — “ಮೊದಲು ನನ್ನ ಮೆಷಿನ್ನಿಗೆ ಹೊಸ ಬುದ್ಧಿ ಹಾಕು. ಯಾವ ಸೈಟಿಗೆ ಹೋದ್ರೂ ‘ನಿಮ್ಮದು ತುಂಬ ಹಳೇದು’ ಅಂತ ಬಯ್ಯುತ್ತೆ. ಇದನ್ನ ಮಾಡು, ಬೀಗದ ಕೈ ತಗೋ.”

ಅಣ್ಣ ಎಲ್ಲರೂ ಹಾಕ್ಕೊಳ್ಳೋ ಆ ದೊಡ್ಡ ಹೊಸ ಸಿಸ್ಟಮ್ಮೇ ಹಾಕೋಕೆ ಹೋದ. ಗೂರಲಜ್ಜಂಗೆ ಆ ಯೋಗ್ಯತೆ ಇಲ್ಲ ಅಂತ ಅದು ಒಳಗೇ ಬರಲಿಲ್ಲ. “ಗುಜರಿಗೆ ಹಾಕಿ ದೊಡ್ಡಪ್ಪ,” ಅಂದುಬಿಟ್ಟ.

ನಿನ್ನೆ ಭಾವ ಬಂದ್ರು. ದೊಡ್ಡಮ್ಮನ ಮಗಳ ಗಂಡ. ಅಕ್ಕ ಬಂದಿರಲಿಲ್ಲ, ಇವರೊಬ್ಬರೇ. ಬಂದವರೇ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ್ರು. ಧೂಳು ಊದಿದ್ರು. ಮೆಮೊರಿ ಪಟ್ಟಿ ಸೇರಿಸಿದ್ರು, ಸತ್ತ ಸೆಲ್ ತೆಗೆದು ಹೊಸದು ಹಾಕಿದ್ರು, ಹಳೇ ಡಿಸ್ಕಿನಲ್ಲಿ ನಕ್ಷೆಗಳಿವೆ ಮುಟ್ಟಬೇಡಿ ಅಂತ ದೊಡ್ಡಪ್ಪ ಅಂದಿದ್ದಕ್ಕೆ ಅದರ ಪಕ್ಕದಲ್ಲೇ ಒಂದು ಪುಟಾಣಿ ಹೊಸ ಡಿಸ್ಕು ಕೂರಿಸಿದ್ರು. ಅದರೊಳಗೆ ಹಗುರವಾದ ಒಂದು ಹೊಸ ಸಿಸ್ಟಮ್ ಇಳಿಸಿ, ‘ಇನ್ಮೇಲೆ ಎದ್ದ ತಕ್ಷಣ ಮೊದಲು ಹೊಸ ಡಿಸ್ಕನ್ನ ನೋಡು’ ಅಂತ ಪೆಟ್ಟಿಗೆಗೆ ಹೇಳಿಕೊಟ್ರು. ಟೀ ಆರೋದ್ರೊಳಗೆ ಅಂತ ಹೇಳಲ್ಲ, ಆದ್ರೆ ಊಟದ ಹೊತ್ತಿಗೆ ಗೂರಲಜ್ಜ ವಿಡಿಯೋ ಓಡಿಸ್ತಿದ್ದ.

ದೊಡ್ಡಮ್ಮನ ಮುಖ ನೋಡಬೇಕಿತ್ತು. “ನಮ್ಮ ಅಳಿಯಂದ್ರು ಮುಟ್ಟಿದ್ದೆಲ್ಲ ಚಿನ್ನ.” ನನಗೇ ಕೇಳೋಕಾಗಲಿಲ್ಲ, ಇನ್ನು ಅಣ್ಣನ ಗತಿ ಏನು. ಅದರ ಮೇಲೆ ದೊಡ್ಡಪ್ಪ, “ಶಟರ್ ಅಳಿಯಂದ್ರಿಗೇ ಕೊಟ್ಟುಬಿಡೋಣ ಅನ್ಸುತ್ತೆ,” ಅಂತ ನಕ್ರು. ಅಣ್ಣ ತಟ್ಟೆ ಬಿಟ್ಟು ಎದ್ದುಹೋದ.

ಇವತ್ತು ಬೆಳಿಗ್ಗೆ ದೊಡ್ಡಪ್ಪ ಆನ್ ಮಾಡಿದ್ರೆ — ಅದೇ ಹಳೇ ಸಿಸ್ಟಮ್ಮು, ಅದೇ ಮಾಸಲು ಹಸಿರು ಪರದೆ. ಭಾವ ಏನೋ ಒತ್ತಿ ಸರಿ ಮಾಡಿದ್ರು. ದೊಡ್ಡಪ್ಪ ಆಫ್ ಮಾಡಿ ಊಟಕ್ಕೆ ಎದ್ರು. ಊಟ ಮುಗಿಸಿ ಬಂದು ಆನ್ ಮಾಡಿದ್ರೆ ಮತ್ತೆ ಹಳೇದು.

“ಒಂದು ಸಲ ಆದ್ರೆ ಅಕಸ್ಮಾತ್ತು. ಎರಡು ಸಲ ಆದ್ರೆ ಬೇಕಂತ,” ಅಂದ್ರು ಭಾವ. “ಯಾವ ಡಿಸ್ಕು ಮೊದಲು ಅನ್ನೋದನ್ನ ಯಾರೋ ತಿರುಗಿಸ್ತಿದ್ದಾರೆ. ಈ ಮನೇಲಿ ಅದು ಗೊತ್ತಿರೋದು ನನ್ನ ಬಿಟ್ರೆ ಒಬ್ಬರಿಗೇ.”

ಎಲ್ಲರ ಕಣ್ಣೂ ಅಣ್ಣನ ಮೇಲೆ.

ದೊಡ್ಡಪ್ಪ ಕೂಗಾಡಲಿಲ್ಲ. ಅದೇ ಕಷ್ಟ. “ಹೊಟ್ಟೆಕಿಚ್ಚಿನವನ ಕೈಲಿ ಬೀಗದ ಕೈ ಕೊಟ್ರೆ ಅಂಗಡಿಗೇ ಕಿಚ್ಚು ಹತ್ತುತ್ತೆ,” ಅಂದ್ರು ಅಷ್ಟೆ.

ಆಗಲೇ ಅಮ್ಮ ಎದ್ದು ನಿಂತಿದ್ದು. “ನನ್ನ ಮಗ ಅಂಥವನಲ್ಲ. ನನ್ನ ತಂಗಿನ ಕರೆಸ್ತೀನಿ. ಕಳ್ಳ ಯಾರು ಅಂತ ಅವಳೇ ಹೇಳಲಿ. ಯಾರನ್ನೂ ಬಿಡೋದು ಬೇಡ.”

---

ಚಿಕ್ಕಮ್ಮ ಬಂದಾಗ ಬಿಸಿಲು ಇಳಿದಿತ್ತು. ನಡುಮನೇಲಿ ದೊಡ್ಡಮ್ಮ ಒಂದು ಸೋಫಾ, ಅಮ್ಮ ಇನ್ನೊಂದು ಸೋಫಾ, ನಡುವೆ ತಣ್ಣಗಿನ ಟೀ. ಇಬ್ಬರ ಜಗಳ ಕಂಪ್ಯೂಟರ್ ದಾಟಿ ಎಲ್ಲೆಲ್ಲೋ ಹೋಗಿ ಕೊನೆಗೆ ಎಂದಿನ ಜಾಗಕ್ಕೆ, ತೂಕಕ್ಕೆ, ಬಂದು ನಿಂತಿತ್ತು. ಇಬ್ಬರೂ ಸಣ್ಣ ಆಗ್ಬೇಕು ಅಂತ ದಿನಾ ವಾಕಿಂಗ್ ಹೋಗ್ತಾರೆ. ಬೇರೆ ಬೇರೆ ರಸ್ತೆಯಲ್ಲಿ.

“ನನ್ನ ಮಾತು ಬಿಡೇ. ನಾನು ಎಪ್ಪತ್ತಕ್ಕೆ ಇಳಿದಿದ್ದೀನಿ. ಮೇಲಿನ ಮುಳ್ಳಿನ ತಕ್ಕಡೀಲಿ ನೋಡ್ಕೊಂಡೆ,” ಅಂದ್ರು ದೊಡ್ಡಮ್ಮ.

“ಇಳೀರಿ ಅಕ್ಕ, ಇಳೀರಿ. ನಾನು ಅರವತ್ತೊಂಬತ್ತು ಪಾಯಿಂಟ್ ನಾಲ್ಕು.”

“ನೀನಾ?” ಅಂದ್ರು ದೊಡ್ಡಮ್ಮ, ಸೀರೆ ಸೆರಗಿನಿಂದ ನಗು ಮುಚ್ಕೊಂಡು.

ಚಿಕ್ಕಮ್ಮ ಬಾಗಿಲಲ್ಲೇ ಚಪ್ಪಲಿ ಬಿಡ್ತಾ ನಿಂತಿದ್ಲು. ಒಂದು ಚಪ್ಪಲಿ ಬಿಡೋಕೆ ಅಷ್ಟು ಹೊತ್ತು ಬೇಕಾ ಅಂತ ನನಗೆ ಅನ್ನಿಸಿತ್ತು.

“ಸರಿ, ಒಬ್ಬೊಬ್ಬರಾಗಿ,” ಅಂದ್ಲು ಒಳಗೆ ಬಂದು. “ಅಳಿಯಂದ್ರೇ, ನಿಮ್ಮಿಂದ ಶುರು. ನಿನ್ನೆ ಸರಿಯಿತ್ತಾ?”

“ಚೆನ್ನಾಗಿತ್ತು. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದೀನಿ.”

“ಈ ಪೆಟ್ಟಿಗೆಯ ತಗಡು ಯಾಕೆ ತೆಗೆದೇ ಇದೆ?”

“ಫ್ಯಾನಿಗೆ ಎಣ್ಣೆ ಬಿಡೋದು ಬಾಕಿ ಇತ್ತು. ಇವತ್ತು ಮುಚ್ಚೋಣ ಅಂತಿದ್ದೆ.”

“ಬೆಳಿಗ್ಗೆ ಹಳೇದು ಬಂದಾಗ ಒಳಗೆ ನೋಡಿದ್ರಾ?”

“ನೋಡಿದೆ. ಎಲ್ಲಾ ಇಟ್ಟಲ್ಲೇ ಇತ್ತು. ಡಿಸ್ಕು, ಪಟ್ಟಿ, ಸೆಲ್ಲು. ಕದ್ದಿದ್ದು ಏನೂ ಇಲ್ಲ. ಕೆಡಿಸಿದ್ದು ಅಷ್ಟೆ.” ಹೇಳ್ತಾ ಅಣ್ಣನ ಕಡೆ ನೋಡಿದ್ರು.

ಅಣ್ಣ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದ. ಚಿಕ್ಕಮ್ಮ ಅವನ ಹತ್ರ ಹೋದ್ಲು.

“ನೀನು ಇದರ ಹತ್ರ ಹೋಗಿದ್ಯಾ?”

“ಇಲ್ಲ.”

“ಇಲ್ವಾ?”

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ನೀನು ಇಲ್ಲೇ ಕೂತಿದ್ದೆ ಅಲ್ವಾ ಅಣ್ಣ? ನಾನು ನೀರು ಕುಡಿಯೋಕೆ ಬಂದಾಗ…” ಅಷ್ಟರಲ್ಲಿ ನಾನು ಹೇಳಿದ್ದು ಏನು ಅಂತ ನನಗೇ ಗೊತ್ತಾಯ್ತು. ನಾಲಿಗೆ ಕಚ್ಚಿಕೊಂಡೆ.

“ನೋಡಿ, ನೋಡಿ,” ಅಂದ್ರು ದೊಡ್ಡಮ್ಮ. “ಮನೆ ಮಗಳೇ ಹೇಳ್ತಿದ್ದಾಳೆ.”

ಅಣ್ಣ ನನ್ನ ಕಡೆ ನೋಡಿದ ನೋಟಕ್ಕೆ ನಾನು ಸೋಫಾದೊಳಗೆ ಕುಗ್ಗಿಹೋದೆ.

“ಕೂತಿದ್ದೆ,” ಅಂದ. “ಆನ್ ಮಾಡಿ ನೋಡಿದೆ. ಅವರು ಹೇಗೆ ಮಾಡಿದ್ರು ಅಂತ ನೋಡಬೇಕಿತ್ತು. ನಾನು ಗುಜರಿ ಅಂದಿದ್ದು ಓಡ್ತಿದ್ಯಲ್ಲ. ನೋಡಿದೆ. ಚೆನ್ನಾಗಿ ಮಾಡಿದ್ರು. ಅದಕ್ಕೇ ಇನ್ನೂ ಉರೀತು. ಆಫ್ ಮಾಡಿ, ಸ್ನಾನಕ್ಕೆ ಹೋದೆ.”

“ಆಗ ಹೊಸದೇ ಇತ್ತಾ?”

“ಹೊಸದೇ ಇತ್ತು. ಹೇಳಿದ್ರೆ ಯಾರು ನಂಬ್ತಾರೆ. ಹೊಟ್ಟೆಕಿಚ್ಚು ಪಟ್ಟಿದ್ದೀನಿ ಚಿಕ್ಕಮ್ಮ. ಕೈ ಹಾಕಿಲ್ಲ.”

ಭಾವ ತಲೆ ತಗ್ಗಿಸಿ ಕೀಬೋರ್ಡಿನ ಮೇಲಿನ ಧೂಳು ಒರೆಸ್ತಾ ಇದ್ರು. ಅಲ್ಲಿ ಧೂಳೇ ಇರಲಿಲ್ಲ.

“ದೊಡ್ಡಪ್ಪನವ್ರೇ, ನೀವು ಬೆಳಿಗ್ಗೆ ಆನ್ ಮಾಡಿದ್ರಲ್ಲ. ಏನೇನು ಆಯ್ತು? ಒಂದೂ ಬಿಡದೆ ಹೇಳಿ.”

“ಏನಾಗುತ್ತಮ್ಮ? ಗೋಡೆ ಸ್ವಿಚ್ ಹಾಕಿದೆ. ನಾನು ಯಾವಾಗಲೂ ಗೋಡೆಯಲ್ಲೇ ಆಫ್ ಮಾಡೋನು, ಕರೆಂಟ್ ಸುಮ್ನೆ ಹರೀಬಾರದು. ಆಮೇಲೆ ಇದರ ಬಟನ್ ಒತ್ತಿದೆ. ಹಳೇದು ಬಂತು.”

“ನಡುವೆ ಏನೂ ಇಲ್ವಾ?”

“ಏನೂ ಇಲ್ಲ. ಯಾವಾಗಲೂ ಕೇಳೋ ಹಾಗೆ ಅದೇನೋ ಕೇಳ್ತು, ನಾನು ಯಾವಾಗಲೂ ಒತ್ತೋ ಹಾಗೆ ಕೀಬೋರ್ಡಿನ ಎಫ್ ಒನ್ ಒತ್ತಿದೆ.”

ಭಾವನ ಕೈ ನಿಂತುಹೋಯ್ತು. “ಕೇಳ್ತಾ? ಮಾವ, ಅದು ಇವತ್ತು ಎಫ್ ಒನ್ ಕೇಳ್ತಾ?”

“ವರ್ಷಗಟ್ಟಲೆಯಿಂದ ದಿನಾ ಕೇಳುತ್ತಪ್ಪ. ಅದರಲ್ಲಿ ಹೇಳೋದೇನಿದೆ?”

“ನಿನ್ನೆ ನಾನು ಸರಿ ಮಾಡಿದ ಮೇಲೆ ಕೇಳಿರಲಿಲ್ಲ…”

“ಸ್ವಲ್ಪ ತಡೀರಿ ಅಳಿಯಂದ್ರೇ,” ಅಂದ್ಲು ಚಿಕ್ಕಮ್ಮ. ಪರದೆ ಹತ್ರ ಬಗ್ಗಿ ಕೆಳಗಿನ ಮೂಲೆ ನೋಡಿದ್ಲು. “ಚಿಲಿಪಿಲಿ, ಇಲ್ಲಿ ಬಾ. ತಾರೀಖು ಓದು.”

ಓದಿದೆ. ನಾನು ಹುಟ್ಟೋಕೂ ಮುಂಚಿನ ಜನವರಿ ಒಂದು.

“ಅದು ಹಳೇ ಸಿಸ್ಟಮ್ ಅಲ್ವಾ, ಹಳೇ ತಾರೀಖು ಇರುತ್ತೆ,” ಅಂದ್ರು ದೊಡ್ಡಮ್ಮ.

ನಾವೆಲ್ಲ ಬೆಳಿಗ್ಗೆಯಿಂದ ಅದನ್ನ ನೋಡಿದ್ವಿ. ಎಲ್ಲರೂ ಹಾಗೇ ಅಂದ್ಕೊಂಡಿದ್ವಿ.

“ಹಳೇ ಮನೇಲಿ ಗಡಿಯಾರ ತೂಗು ಹಾಕಿದ್ರೆ ಅದು ಹಳೇ ಟೈಮ್ ತೋರಿಸುತ್ತಾ?” ಅಂದ್ಲು ಚಿಕ್ಕಮ್ಮ. “ನೀನೇ ಹೇಳೋ, ರಿಪೇರಿಯವನೇ. ತಾರೀಖು ನೆನಪಿಟ್ಕೊಳ್ಳೋದು ಸಿಸ್ಟಮ್ಮಾ, ಪೆಟ್ಟಿಗೆನಾ?”

“ಪೆಟ್ಟಿಗೆ,” ಅಂದ ಅಣ್ಣ. ಒರಗಿದ್ದವನು ನೆಟ್ಟಗಾದ. “ಯಾವ ಡಿಸ್ಕು ಮೊದಲು ಅನ್ನೋದನ್ನ ನೆನಪಿಟ್ಕೊಳ್ಳೋದೂ ಪೆಟ್ಟಿಗೆನೇ. ಎರಡೂ ಒಂದೇ ಕಡೆ ಇರುತ್ತೆ.”

“ಹಾಗಾದ್ರೆ ಯಾರೋ ಡಿಸ್ಕು ತಿರುಗಿಸೋಕೆ ಬಂದವನು ತಾರೀಖನ್ನ ಯಾಕೆ ತಿರುಗಿಸ್ತಾನೆ? ಅವನಿಗೆ ಅದ್ರಿಂದ ಏನು ಲಾಭ?”

“ಲಾಭ ಇಲ್ಲ. ಯಾರೂ ತಿರುಗಿಸಿಲ್ಲ. ಪೆಟ್ಟಿಗೆಗೆ ಎಲ್ಲಾ ಒಟ್ಟಿಗೆ ಮರೆತುಹೋಗಿದೆ.”

“ನೋಡೇಬಿಡೋಣ. ನೀನು ಅಲ್ಲೇ ನಿಂತಿರು, ಎರಡು ಕೈನೂ ಕಾಣಬೇಕು. ಅಳಿಯಂದ್ರೇ, ಸರಿ ಮಾಡಿ.”

ಭಾವ ಪಟಪಟ ಒತ್ತಿದ್ರು. ಹೊಸ ಸಿಸ್ಟಮ್ ಎದ್ದು ಬಂತು, ನೀಲಿ ಪರದೆ, ಸರಿಯಾದ ತಾರೀಖು. ದೊಡ್ಡಪ್ಪ ಉಸಿರು ಬಿಟ್ರು.

“ತಾರೀಖು ತಾನೇ ಸರಿಯಾಯ್ತಲ್ಲ?”

“ಹೊಸದು ಇಂಟರ್ನೆಟ್‌ನಿಂದ ತಗೊಂಡುಬಿಡುತ್ತೆ. ಅದಕ್ಕೇ ಬೆಳಿಗ್ಗೆ ನನ್ನ ಗಮನಕ್ಕೇ ಬರಲಿಲ್ಲ,” ಅಂದ್ರು ಭಾವ, ಮೆಲ್ಲಗೆ.

“ಈಗ ಇದನ್ನ ಆಫ್ ಮಾಡಿ. ದೊಡ್ಡಪ್ಪನವ್ರೇ, ಗೋಡೆಯಲ್ಲೂ ಆಫ್ ಮಾಡಿ, ನಿಮ್ಮ ಪದ್ಧತಿ ಪ್ರಕಾರ.”

ಟಕ್. ಗೊರಗೊರ ನಿಂತಿತು. ಚಿಕ್ಕಮ್ಮ ಆರಿದ ಟೀ ಲೋಟ ಎತ್ತಿ, ಪೂರ್ತಿ ಕುಡಿದು, ಮುಖ ಸಿಂಡರಿಸಿ ಕೆಳಗಿಟ್ಲು.

“ಈಗ ಹಾಕಿ.”

ಗೂರಲಜ್ಜ ಒಂದು ಸಲ ಕೀಂಯ್ ಅಂದ. ಎಫ್ ಒನ್ ಕೇಳಿದ. ದೊಡ್ಡಪ್ಪ ಒತ್ತಿದ್ರು. ಮಾಸಲು ಹಸಿರು ಪರದೆ. ಜನವರಿ ಒಂದು.

ಅಣ್ಣ ಅಡುಗೆಮನೆ ಬಾಗಿಲಲ್ಲೇ ಇದ್ದ, ಎರಡು ಕೈನೂ ಮುಂದಕ್ಕೆ ಚಾಚ್ಕೊಂಡು, ಪೊಲೀಸರಿಗೆ ಸಿಕ್ಕವನ ಥರ.

“ಕೈ ಇಳಿಸೋ,” ಅಂದ್ಲು ಚಿಕ್ಕಮ್ಮ. “ನಿನ್ನ ಕೆಲಸ ಅಲ್ಲ ಇದು.”

“ಸೆಲ್,” ಅಂದ್ರು ಭಾವ. “ನೆನಪು ನಿಲ್ಲೋದು ಸೆಲ್ಲಿನಿಂದ. ಆದ್ರೆ ಅದು ಹೊಸದು. ನಿನ್ನೆ ನಾನೇ ಕೈಯಾರೆ…”

“ಅದೇ ನೋಡಿ. ನಾವೇ ಇಟ್ಟ ವಸ್ತುವನ್ನ ನಾವು ತಿರುಗಿ ನೋಡಲ್ಲ. ನನ್ನ ಕೌಂಟರಿಗೆ ಬರೋರೆಲ್ಲ ಇಂಥವ್ರೇ. ಇಡೀ ಬಸ್ ಹುಡುಕ್ತಾರೆ, ತಮ್ಮ ಜೇಬು ಬಿಟ್ಟು. ತೆಗೀರಿ ಅದನ್ನ.”

ಭಾವ ಉಗುರಿನಲ್ಲಿ ಸೆಲ್ ಎಬ್ಬಿಸಿದ್ರು. ಬಿಲ್ಲೆ ಥರ ಗುಂಡಗೆ, ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ್ರು. ಮೈಯೆಲ್ಲ ಕಂದು ಕಲೆ.

“ಇದು ನಾನು ಹಾಕಿದ್ದಲ್ಲ. ನಾನು ಹಾಕಿದ್ದು ಫಳಫಳ ಅಂತಿತ್ತು. ನಿನ್ನೆ ಇದರಿಂದ ತೆಗೆದ ಸತ್ತಿದ್ದೂ ಅಲ್ಲ, ಅದು ಇಲ್ಲೇ ನನ್ನ ಡಬ್ಬಿಯಲ್ಲಿದೆ.”

“ಅಂದ್ರೆ ಮೂರನೇದು,” ಅಂದ್ಲು ಚಿಕ್ಕಮ್ಮ. “ಯಾರೋ ಹೊಸ ಸೆಲ್ ತಗೊಂಡು, ತಮ್ಮ ಸತ್ತ ಸೆಲ್ ಇಲ್ಲಿಟ್ಟಿದ್ದಾರೆ. ಬೆಳಿಗ್ಗೆ, ಇವನು ಸ್ನಾನಕ್ಕೆ ಹೋದ ಮೇಲೆ, ದೊಡ್ಡಪ್ಪನವರು ಬರೋಕೆ ಮುಂಚೆ. ಕಂಪ್ಯೂಟರ್ ಕೆಡಿಸೋಕಲ್ಲ. ಸೆಲ್ ಬೇಕಿತ್ತು, ಅಷ್ಟೆ. ಈಗ ಹೇಳಿ, ಈ ಮನೇಲಿ ಸತ್ತುಹೋಗಿದ್ದ ಯಾವ ವಸ್ತು ಇವತ್ತು ಬೆಳಿಗ್ಗೆ ಎದ್ದು ಕೂತಿದೆ?”

ಎಲ್ಲರೂ ಟಿ.ವಿ. ಕಡೆ ನೋಡಿದ್ರು, ಗಡಿಯಾರದ ಕಡೆ ನೋಡಿದ್ರು. ನನಗೆ ಆಗ ಹೊಳೀತು. ಹೊಳೆಯಬಾರದಿತ್ತು.

ಅಮ್ಮನ ಮಂಚದ ಕೆಳಗೆ ಗಾಜಿನ ತೂಕದ ಯಂತ್ರ ಇದೆ. ಕೆಂಪಗೆ ಅಂಕಿ ತೋರಿಸೋದು. ಅದು ಕಣ್ಣು ಮುಚ್ಚಿ ಎಷ್ಟೋ ತಿಂಗಳಾಗಿದೆ.

“ದೊಡ್ಡಮ್ಮನವ್ರೇ,” ಅಂದ್ಲು ಚಿಕ್ಕಮ್ಮ, “ನಿಮ್ಮ ಮುಳ್ಳಿನ ತಕ್ಕಡೀಲಿ ಪಾಯಿಂಟ್ ಗೊತ್ತಾಗುತ್ತಾ?”

“ಮುಳ್ಳಿನಲ್ಲಿ ಎಲ್ಲಿಂದ ಬರ್ಬೇಕಮ್ಮ ಪಾಯಿಂಟು? ಎಪ್ಪತ್ತು ಅಂದ್ರೆ ಎಪ್ಪತ್ತರ ಹತ್ರ.”

“ಹಾಗಾದ್ರೆ ಅಕ್ಕ,” — ಚಿಕ್ಕಮ್ಮ ಅಮ್ಮನ ಕಡೆ ತಿರುಗಿದ್ಲು, ಸ್ವರ ಮಾತ್ರ ಕೌಂಟರಿನದೇ — “ಅರವತ್ತೊಂಬತ್ತು *ಪಾಯಿಂಟ್ ನಾಲ್ಕು* ಅಂತ ನಿನಗೆ ಹೇಳಿದ್ದು ಯಾರು?”

ಅಮ್ಮ ಸೆರಗು ಸರಿ ಮಾಡ್ಕೊಂಡ್ಲು. ಸರಿಯಾಗೇ ಇದ್ದ ಸೆರಗು.

“ಅಮ್ಮಾ?” ಅಂದ ಅಣ್ಣ.

“ಅದಕ್ಕೆ ಗೋಡೆಯಿಂದ ಕರೆಂಟ್ ಬರುತ್ತಲ್ಲೋ,” ಅಂದ್ಲು ಅಮ್ಮ. “ಇಷ್ಟು ದಪ್ಪ ವೈರು ಇದೆ. ಅದಕ್ಯಾಕೆ ಸೆಲ್ಲು? ನನ್ನದಕ್ಕೆ ಪಾಪ ವೈರೇ ಇಲ್ಲ. ಹೇರ್‌ಪಿನ್ನಲ್ಲಿ ಎತ್ತಿದೆ, ಬಂತು. ಜಾಗ ಖಾಲಿ ಬಿಡಬಾರದು ಅಂತ ನನ್ನದನ್ನ ಅಲ್ಲಿಟ್ಟೆ. ನಾನೇನು ಕಳ್ಳಿನಾ?”

“ಮತ್ತೆ ಬೆಳಿಗ್ಗೆಯಿಂದ ನನ್ನ ಬೈತಿದ್ದಾಗ?”

“ನನಗೇನು ಗೊತ್ತೋ, ಒಂದು ಬಿಲ್ಲೆಗೆ ಇಷ್ಟೆಲ್ಲ ಆಗುತ್ತೆ ಅಂತ. ಗೊತ್ತಿದ್ರೆ ನಾನೇ ಇವಳನ್ನ ಕರೆಸ್ತಿದ್ನಾ?” ಇದ್ದಕ್ಕಿದ್ದ ಹಾಗೆ ಅಮ್ಮನ ಕಣ್ಣು ತುಂಬ್ತು. “ಎಷ್ಟು ಸಲ ಹೇಳಿದ್ದೀನಿ, ನನ್ನ ಯಂತ್ರಕ್ಕೆ ಒಂದು ಸೆಲ್ ತಂದ್ಕೊಡ್ರೋ ಅಂತ. ನಿನ್ನ ಅಂಗಡಿ ಡ್ರಾಯರ್ ತುಂಬ ಅವೇ ಬಿದ್ದಿವೆ ಅಂತೀಯ. ನೀನು ತಂದ್ಯಾ? ನಿನ್ನ ತಂಗಿ ತಂದ್ಲಾ? ದಿನಾ ಮೇಲಿಂದ ‘ನಾನು ಎಪ್ಪತ್ತೆರಡು, ನಾನು ಎಪ್ಪತ್ತೊಂದು’ ಅಂತ ಕೇಳಿಸ್ಕೊಂಡು ಕೂತಿದ್ದೆ. ನಾನೂ ಅಷ್ಟೇ ನಡೀತೀನಿ. ನನ್ನದು ಎಷ್ಟು ಅಂತ ನನಗೇ ಗೊತ್ತಿರಲಿಲ್ಲ. ಆ ಧೂಳು ಡಬ್ಬಕ್ಕೆ ಅವರ ಅಳಿಯ ಕೇಳದೇ ಹೊಸ ಸೆಲ್ ತಂದು ಹಾಕಿದ್ರು. ನೋಡಿ ಉರೀತು. ಹೌದು, ಉರೀತು.”

ಅಣ್ಣ ನೆಲ ನೋಡಿದ. ನಾನೂ ನೆಲ ನೋಡಿದೆ. ನೆಲ ಚೆನ್ನಾಗೇ ಇತ್ತು.

ಭಾವ ಕೆಮ್ಮಿದ್ರು. “ನನ್ನದೂ ಒಂದಿದೆ. ಬೆಳಿಗ್ಗೆ ಹಳೇದು ಬಂದ ತಕ್ಷಣ ಇವನ ಹೆಸರೇ ಯಾಕೆ ಬಾಯಿಗೆ ಬಂತು ಅಂದ್ರೆ — ನಮ್ಮ ಮನೇಲಿ ಏನು ಕೆಟ್ರೂ ಇವನಕ್ಕಂದು ಒಂದೇ ಮಾತು. ‘ನನ್ನ ತಮ್ಮ ಆಗಿದ್ರೆ ಐದು ನಿಮಿಷದಲ್ಲಿ ಮಾಡ್ತಿದ್ದ.’ ಮದುವೆ ಆದಾಗಿನಿಂದ ಕೇಳ್ತಿದ್ದೀನಿ.”

ಅಣ್ಣ ತಲೆ ಎತ್ತಿದ. “ಅಕ್ಕ ಹಾಗಂತಾಳಾ?”

“ವಾರಕ್ಕೊಂದು ಸಲ.”

ಅವನ ಮುಖದಲ್ಲಿ ಬೆಳಿಗ್ಗೆಯಿಂದ ಇರದ ಏನೋ ಬಂತು. ನಗು ಅಂತ ಹೇಳೋಕಾಗಲ್ಲ. ಆ ಕಡೆಗೆ ಹೋಗ್ತಿತ್ತು.

ದೊಡ್ಡಮ್ಮ ಮಾತ್ರ ಗೆದ್ದವರ ಥರ ಕಾಲ ಮೇಲೆ ಕಾಲು ಹಾಕಿ ಕೂತಿದ್ರು. “ಅಂತೂ ಕಳ್ಳಿ ಸಿಕ್ಕಿದ್ಲು. ಕಂಪ್ಯೂಟರಿಂದ ಕದ್ದು ನೋಡ್ಕೊಂಡ್ರೂ ನನಗಿಂತ ಒಂದು ಚೂರು ತಾನೇ ಕಮ್ಮಿ?”

“ದೊಡ್ಡಮ್ಮನವ್ರೇ,” ಅಂದ್ಲು ಚಿಕ್ಕಮ್ಮ ಬ್ಯಾಗು ಹೆಗಲಿಗೆ ಹಾಕ್ಕೋತಾ, “ಹೋದ ತಿಂಗಳು ಮೇಲೆ ಬಂದಿದ್ನಲ್ಲ, ನಿಮ್ಮ ತಕ್ಕಡಿ ನೋಡಿದ್ದೆ. ಯಾರೂ ಹತ್ತದೇ ಇದ್ದಾಗಲೇ ಅದರ ಮುಳ್ಳು ಸೊನ್ನೆಗಿಂತ ನಾಲ್ಕು ಗೆರೆ ಹಿಂದೆ ನಿಂತಿರುತ್ತೆ.”

ದೊಡ್ಡಮ್ಮನ ಕಾಲು ಕೆಳಗೆ ಬಂತು. ಅಮ್ಮ ಕಣ್ಣೊರೆಸ್ಕೊಳ್ಳೋದನ್ನ ನಿಲ್ಲಿಸಿದ್ಲು.

“ನಾಲ್ಕು ಗೆರೆನಾ?” ಅಂದ್ಲು, ಸಕ್ಕರೆ ಬಿದ್ದ ಸ್ವರದಲ್ಲಿ. “ಅಕ್ಕ, ನಾಳೆ ಬೆಳಿಗ್ಗೆ ಕೆಳಗೆ ಬನ್ನಿ. ನನ್ನದರ ಮೇಲೆ ಇಬ್ಬರೂ ಹತ್ತೋಣ.”

“ಬರ್ತೀನಿ. ಯಾಕೆ, ಹೆದರಿಕೆನಾ?”

“ಟಿಫನ್‌ಗೆ ಮುಂಚೆ ಬರಬೇಕು.”

“ಟೀಗೂ ಮುಂಚೆ ಬರ್ತೀನಿ.”

ಅಣ್ಣ ಒಳಗೆ ಹೋಗಿ ತೂಕದ ಯಂತ್ರ ತಂದ. ಅಮ್ಮ ಕೈ ಅಡ್ಡ ತಂದ್ಲು, ಆಮೇಲೆ ಬಿಟ್ಲು. ಅವನು ಹೊಸ ಸೆಲ್ ತೆಗೆದು ಗೂರಲಜ್ಜಂಗೆ ಹಾಕಲಿಲ್ಲ. ನೋಡಿ, ಒರೆಸಿ, ತಿರುಗಿ ಅದೇ ಯಂತ್ರಕ್ಕೇ ಹಾಕಿ, ಅಮ್ಮನ ಕಾಲ ಹತ್ರ ಇಟ್ಟ.

“ನಿನ್ನ ಹತ್ರನೇ ಇರಲಿ. ಗೂರಲಜ್ಜಂಗೆ ನಾಳೆ ಅಂಗಡಿಯಿಂದ ತರ್ತೀನಿ.”

“ಯಾವ ಅಂಗಡಿಯಿಂದ?” ಅಂದ್ರು ದೊಡ್ಡಪ್ಪ.

ಅವರು ಇಷ್ಟು ಹೊತ್ತೂ ಆ ಹಸಿರು ಪರದೆ ನೋಡ್ತಾ ಕೂತಿದ್ರು. ತಪ್ಪಾಯ್ತು ಅನ್ನೋ ಮಾತು ನಮ್ಮ ದೊಡ್ಡಪ್ಪನ ನಾಲಿಗೆಗೆ ಬರಲ್ಲ, ಅದರ ಬದಲು ಅವರು ಜೇಬು ತಡಕ್ತಾರೆ. ತಡಕಿದ್ರು. ಬೀಗದ ಕೈ ತೆಗೆದು ಟೀಪಾಯಿ ಮೇಲಿಟ್ರು, ಯಾರ ಕಡೆಗೂ ತಳ್ಳದೆ.

“ನಾಳೆ ಬೆಳಿಗ್ಗೆ ಶಟರ್ ಹತ್ರ ಬಾ,” ಅಂದ್ರು ಅಣ್ಣಂಗೆ. “ಎಣ್ಣೆ ತಗೊಂಡು ಬಾ, ತುಕ್ಕು ಹಿಡಿದು ಕೂತಿದೆ. ಒಬ್ಬನ ಕೈಲಿ ಏಳಲ್ಲ ಅದು.”

“ಭಾವನೂ ಬರಲಿ,” ಅಂದ ಅಣ್ಣ.

“ಎಷ್ಟು ಹೊತ್ತಿಗೆ?” ಅಂದ್ರು ಭಾವ.

“ಎಂಟಕ್ಕೆ. ಇವರಿಬ್ಬರ ತೂಕ ಮುಗಿದ ಮೇಲೆ.”